ರವೂಫ್ ಜೋಡಿಸಲೊಪ್ಪದ ಗೀಸರ್

ಪುತ್ತಿಗೆಯ ಹೊಸ ಮನೆಯ ಹಿತ್ತಲಲ್ಲಿ ಕಮಲಾಕ್ಷ ಶೆಟ್ರು ತೋರಿಸಿದ ಗ್ಯಾಸ್ ಗೀಸರನ್ನು ನೋಡಿದಾಗಲೇ ಅಬ್ದುಲ್ ರವೂಫನಿಗೆ ಮೈ ಉರಿಯಿತು. ಮೂರು ಬಾತ್‌ರೂಮಿಗೂ ಒಮ್ಮೆಗೇ ಬಿಸಿನೀರು ಕೊಡುವ, ಟ್ಯಾಂಕೇ ಇಲ್ಲದ ದೊಡ್ಡ ಮಾಲು. ಯಾರನ್ನೂ ಕೇಳದೆ ಹೊರಗೋಡೆಗೆ ಬಿಗಿಸಿಯೂ ಆಗಿತ್ತು. ಇನ್ನು ಅಡುಗೆಮನೆಯ ಗ್ಯಾಸ್ ಪೈಪಿನಿಂದ ಒಂದು ಕವಲು ಎಳೆದು ಕೊಡಬೇಕಂತೆ.

ಅಡುಗೆಮನೆಯ ಪೈಪನ್ನು ವರ್ಷದ ಹಿಂದೆ ಹಾಕಿದ್ದು ರವೂಫನೇ. ನರಿಕೊಂಬಿನವನು. ಹನ್ನೊಂದು ವರ್ಷ ಶಾರ್ಜಾದ ಕಟ್ಟಡಗಳಿಗೆ ಗ್ಯಾಸ್ ಲೈನ್ ಎಳೆದು ಬಂದವನು, ಈಗ ಬಂಟ್ವಾಳದಿಂದ ಮೂಡುಬಿದಿರೆಯವರೆಗೆ ಸ್ಕೂಟರಿನಲ್ಲಿ ಓಡಾಡಿ ಅದೇ ಕೆಲಸ ಮಾಡುತ್ತಿದ್ದ. ಕೆಲಸ ಚೊಕ್ಕ, ಬಾಯಿ ಮಾತ್ರ ಖಾರ ಎಂದು ಎಲ್ಲರೂ ಹೇಳುತ್ತಿದ್ದರು. ಅವನೂ ಅಲ್ಲಗಳೆಯುತ್ತಿರಲಿಲ್ಲ.

"ಆಗುವುದಿಲ್ಲ ಶೆಟ್ರೇ. ಈ ಪೈಪ್ ಒಲೆಗೆ ಅಂತ ಹಾಕಿದ್ದು. ಗೀಸರ್ ಒಲೆಯ ನಾಲ್ಕು ಪಾಲು ಗ್ಯಾಸ್ ಎಳೆಯುತ್ತದೆ. ಸಿಲಿಂಡರಿನಿಂದಲೇ ದಪ್ಪ ಪೈಪ್ ಬರಬೇಕು. ರೆಗ್ಯುಲೇಟರೂ ದೊಡ್ಡದು ಬೇಕು."

"ಪೈಪ್ ಮಾರುವ ಉಪಾಯವೆಲ್ಲ ನನಗೆ ಗೊತ್ತುಂಟು. ಮಸ್ಕತ್ತಿನಲ್ಲಿ ಇಪ್ಪತ್ತು ವರ್ಷ ಹೋಟೆಲ್ ನಡೆಸಿದವ ನಾನು."

"ನೀವು ಹೋಟೆಲ್ ನಡೆಸಿದ್ದು. ಅಲ್ಲಿ ಪೈಪ್ ಎಳೆದದ್ದು ನನ್ನಂಥವರು."

ಶೆಟ್ರ ಮುಖ ಕೆಂಪಾಯಿತು. ಅಷ್ಟು ಹೊತ್ತು 'ನೀವು' ಎನ್ನುತ್ತಿದ್ದವರು ಗೇಟಿನ ಕಡೆ ಕೈ ತೋರಿಸಿ, "ನಡಿ ನೀನು. ಜೋಡಿಸುವವರಿಗೆ ಈ ಊರಲ್ಲಿ ಬರಗಾಲ ಇಲ್ಲ" ಎಂದರು.

ಬರಗಾಲ ಇರಲಿಲ್ಲ ನಿಜ. ಮೂರೇ ದಿನದಲ್ಲಿ ಬೇರೆ ಯಾರೋ ಬಂದು ಒಲೆಯ ಪೈಪಿಗೆ ಕವಲು ಹಾಕಿ ಗೀಸರ್ ಉರಿಸಿಕೊಟ್ಟು ಹೋದ. ಮೂಡುಬಿದಿರೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಕುಳಿತು ಶೆಟ್ರು, "ಆ ರವೂಫನಿಗೆ ಕೆಲಸ ಗೊತ್ತಿಲ್ಲ, ಬರೀ ಹೆದರಿಸುವುದು ಗೊತ್ತುಂಟು" ಎಂದದ್ದು ಅವನ ಕಿವಿಗೂ ಬಿತ್ತು. ಒಪ್ಪಿಕೊಂಡಿದ್ದ ಒಂದು ಹಾಸ್ಟೆಲ್ಲಿನ ಕೆಲಸ ಅದೇ ವಾರ ಕೈತಪ್ಪಿತು. ಅಂದಿನಿಂದ ಅವನು ಪುತ್ತಿಗೆಯ ದಾರಿಯನ್ನೇ ಬಿಟ್ಟ.

ಎರಡು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಶೆಟ್ರ ಹೆಂಡತಿ ಶಶಿಪ್ರಭಾ ಫೋನ್ ಮಾಡಿದರು. ಹಾಲನ್ನು ಸಣ್ಣ ಉರಿಯಲ್ಲಿಟ್ಟು ಬಟ್ಟೆ ಹರವಲು ಅಂಗಳಕ್ಕೆ ಹೋಗಿದ್ದರಂತೆ. ಶೆಟ್ರು ಸ್ನಾನ ಮಾಡುತ್ತಿದ್ದರು. ಶಶಿಪ್ರಭಾ ಒಳಗೆ ಬರುವಷ್ಟರಲ್ಲಿ ಒಲೆ ಆರಿತ್ತು, ಅಡುಗೆಮನೆ ತುಂಬ ಗ್ಯಾಸಿನ ವಾಸನೆ. ಸ್ವಿಚ್ ಮುಟ್ಟದೆ ವಾಲ್ವ್ ತಿರುಗಿಸಿ, ಕಿಟಕಿ ಬಾಗಿಲು ತೆರೆದು ಹೊರಗೆ ಓಡಿದ್ದರು.

ರವೂಫ್ ಹೋದಾಗ ಶೆಟ್ರು ಗೇಟಿನಲ್ಲೇ ಅಡ್ಡ ನಿಂತಿದ್ದರು. "ನೀನು ಹಾಕಿದ ಪೈಪ್ ಸೋರಿದ್ದು. ಪೊಲೀಸಿಗೆ ಕೊಡ್ತೇನೆ."

ಅವನಿಗೆ ಸ್ಕೂಟರ್ ತಿರುಗಿಸಿಬಿಡುವ ಅನ್ನಿಸಿತು. ಆದರೆ ಹಿಂದೆ ನಿಂತಿದ್ದ ಶಶಿಪ್ರಭಾ ಒಳಗೆ ಬರುವಂತೆ ಸನ್ನೆ ಮಾಡಿದರು. "ಕೊಡಿ. ಅದಕ್ಕೆ ಮೊದಲು ನೋಡುವ" ಎಂದು ಒಳಗೆ ನಡೆದ.

ನೀರು ತುಂಬಿದ, ಯು ಆಕಾರದ ಪಾರದರ್ಶಕ ನಳಿಗೆಯನ್ನು ಪೈಪಿಗೆ ಸಿಕ್ಕಿಸಿದ. ಗ್ಯಾಸಿನ ಒತ್ತಡಕ್ಕೆ ಒಂದು ಬದಿಯ ನೀರು ಇಳಿದು ಇನ್ನೊಂದು ಬದಿಯದು ಏರಿ, ಎರಡರ ನಡುವೆ ಒಂದಡಿ ಅಂತರವಾಯಿತು. ಎಲ್ಲ ವಾಲ್ವ್ ಮುಚ್ಚಿ ಹತ್ತು ನಿಮಿಷ ಕಾದ. ನೀರು ಕದಲಲಿಲ್ಲ.

"ಸೋರುತ್ತಿದ್ದರೆ ಇದು ಇಳಿಯಬೇಕಿತ್ತು, ಅಲ್ವಾ ಅಕ್ಕ?"

ವಾಲ್ವ್ ತೆರೆದು, ಒಲೆ ಹಚ್ಚಿ ಉರಿ ಸಣ್ಣ ಮಾಡಿದ. "ಈಗ ಬಾತ್‌ರೂಮಿನಲ್ಲಿ ನೀರು ಬಿಡಿ."

ಹೊರಗೆ ಗೀಸರ್ ಭುಗ್ ಎಂದು ಹತ್ತಿತು. ಒಂದಡಿಯಿದ್ದ ಅಂತರ ನಾಲ್ಕು ಬೆರಳಿಗೆ ಕುಸಿಯಿತು. ಒಲೆಯ ನೀಲಿ ಜ್ವಾಲೆ ಕುಗ್ಗಿ, ಎರಡು ಸಲ ನಡುಗಿ, ಆರಿಹೋಯಿತು. ಶೆಟ್ರು ಬಾಯಿ ತೆರೆಯುವ ಮೊದಲೇ ರವೂಫ್ ಮುಖ್ಯ ವಾಲ್ವ್ ಮುಚ್ಚಿದ.

"ನಿಮ್ಮ ಸ್ನಾನ ಮುಗಿದು ಗೀಸರ್ ನಿಂತಾಗ ಒಲೆಗೆ ಪುನಃ ಗ್ಯಾಸ್ ಬರುತ್ತದೆ. ಬೆಂಕಿ ಇರುವುದಿಲ್ಲ. ಅಕ್ಕ ಬಂದದ್ದು ಆಗ."

"ಹಾಗಾದರೆ ನೀನು ಸಣ್ಣ ಪೈಪ್ ಯಾಕೆ ಹಾಕಿದೆ?" ಶೆಟ್ರು ಬಿಡಲಿಲ್ಲ.

"ಒಲೆಗೆ ಅಂತ ಹೇಳಿದ್ದು ನೀವು."

"ಸಾಕು!" ಶಶಿಪ್ರಭಾರ ದನಿ ಹೊಡೆದ ಹಾಗಿತ್ತು. "ಅಡುಗೆಮನೆಯಲ್ಲಿ ನಿಲ್ಲುವವಳು ನಾನು. ಪೈಪ್ ಎಷ್ಟು ದಪ್ಪ ಬೇಕು ಅಂತ ಇವರು ಹೇಳ್ತಾರೆ, ನೀವು ಸುಮ್ಮನೆ ಕೂತ್ಕೊಳ್ಳಿ."

ರವೂಫ್ ಅಳತೆ ತೆಗೆದ. ಹಳೆಯ ಪೈಪ್ ಹನ್ನೆರಡು ಎಂ.ಎಂ. ಗೀಸರಿನ ಗೋಡೆ ಸಿಲಿಂಡರಿನಿಂದ ಹದಿನೆಂಟು ಮೀಟರ್ ದೂರ. ಇಪ್ಪತ್ತೆರಡು ಎಂ.ಎಂ.ಗಿಂತ ಸಣ್ಣದು ಬೇಡ ಎಂದು ಬರೆದುಕೊಟ್ಟ. ಕವಲನ್ನು ಕಿತ್ತು ತೂತು ಮುಚ್ಚಿದ. ಆಮೇಲೆ ಎರಡು ದಿನ ಬಂದು ಹೊಸ ಲೈನ್ ಎಳೆದು, ದೊಡ್ಡ ರೆಗ್ಯುಲೇಟರೂ ಹಾಕಿದ. ಶೆಟ್ರು ಕುರ್ಚಿ ಹಾಕಿಕೊಂಡು ಅವನ ಕೈಯನ್ನೇ ನೋಡುತ್ತ ಕುಳಿತರು. ಶಶಿಪ್ರಭಾ ತಂದಿಟ್ಟ ಚಹಾವನ್ನು ರವೂಫ್ ಅಂಗಳದಲ್ಲಿ ನಿಂತೇ ಕುಡಿದ.

ಕೊನೆಗೆ ಮೂರೂ ನಲ್ಲಿ ಬಿಟ್ಟು ಒಲೆ ಹಚ್ಚಿದಾಗ ಜ್ವಾಲೆ ಅಲುಗಲಿಲ್ಲ. ಶೆಟ್ರು ಎದ್ದು ಒಳಗೆ ಹೋದರು.

ಅಂಗಡಿಯಲ್ಲಿ ಆಡಿದ ಮಾತನ್ನು ಅವರು ತಿದ್ದಲಿಲ್ಲ, ಹಾಸ್ಟೆಲ್ಲಿನ ಕೆಲಸವೂ ಮರಳಿ ಬರಲಿಲ್ಲ. ಮೂಡುಬಿದಿರೆಯ ಬಸ್‌ಸ್ಟ್ಯಾಂಡಿನಲ್ಲಿ ಎದುರಾದರೆ ಇಬ್ಬರೂ ಈಗಲೂ ಮುಖ ತಿರುಗಿಸುತ್ತಾರೆ. ಮೊದಲು ತಿರುಗಿಸುವವನು ರವೂಫನೇ.