ಇಬ್ಬರು ಹೊಳೆವ್ವರು, ಒಂದೇ ಅರ್ಜಿ

ಬೆಳಗಿನ ಐದೂವರೆ. ಜಮಖಂಡಿಯ ಬಸ್ ನಿಲ್ದಾಣದ ಹಿಂದೆ, ಬೀಜದಂಗಡಿಯ ಮೇಲಿನ ಕೋಣೆಯಲ್ಲಿ ದಾನೇಶ್ವರಿ ಕಂಪ್ಯೂಟರ್ ಮುಂದೆ ಕುಳಿತಿದ್ದಾರೆ. ಆರಕ್ಕೆ ಕರೆಂಟು ಹೋಗುತ್ತದೆ; ಅಷ್ಟರೊಳಗೆ ನಿನ್ನೆ ಬಂದ ಅರ್ಜಿಗಳನ್ನೆಲ್ಲ ಪ್ರಿಂಟ್ ತೆಗೆಯಬೇಕು. ಒಟ್ಟು ಹದಿನೇಳು ಇವೆ. ಒಂದೊಂದನ್ನೂ ಬೆರಳಿಟ್ಟು ಓದುತ್ತಾರೆ.

ಅಣೆಕಟ್ಟೆಯ ಹಿನ್ನೀರಿನಲ್ಲಿ ಮುಳುಗಡೆಯಾದ ಊರುಗಳ ಹೆಣ್ಣುಮಕ್ಕಳಿಗಾಗಿ ಖಾಸಗಿ ಟ್ರಸ್ಟೊಂದು ಇಲ್ಲಿ ಹಾಸ್ಟೆಲ್ ನಡೆಸುತ್ತದೆ. ಅರ್ಜಿಯನ್ನು ವೆಬ್‌ಸೈಟಿನಲ್ಲೇ ತುಂಬಬೇಕು. ಬೀಳಗಿಯ ಇಂಟರ್‌ನೆಟ್ ಅಂಗಡಿಯಲ್ಲಿ ಯಾರೋ ಬಟನ್ ಒತ್ತಿದರೆ ಅವರ ವಿವರ ಟ್ರಸ್ಟಿನ ಸರ್ವರ್ ಕಂಪ್ಯೂಟರಿಗೆ ಬರುತ್ತದೆ. ಅದನ್ನು ತಪಾಸಣೆ ಮಾಡಿ, ಜೋಪಾನವಾಗಿ ಎತ್ತಿಟ್ಟು, ಒತ್ತಿದವರಿಗೆ ಉತ್ತರದ ಪುಟ ತೋರಿಸುವ ಕೋಡ್ ಬರೆದವರು ಬನಹಟ್ಟಿಯ ನೇಕಾರರ ಈ ಮಗಳು. ಮಗ್ಗದ ಸದ್ದಿನ ನಡುವೆ, ಹರಿದ ಪುಸ್ತಕವೊಂದನ್ನು ಇಟ್ಟುಕೊಂಡು ಕಲಿತ ವಿದ್ಯೆ. ಹಾಸ್ಟೆಲಿನ ಸಮಾರಂಭದಲ್ಲಿ ಅಡುಗೆಯವರಿಗೂ ಶಾಲು ಹೊದಿಸುತ್ತಾರೆ, ಇವರ ಹೆಸರು ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ. ಬಾರದಿದ್ದರೇ ಒಳ್ಳೆಯದು ಎನ್ನುತ್ತಾರೆ ದಾನೇಶ್ವರಿ.

ಅದಕ್ಕೆ ಕಾರಣ 2009ರ ಒಂದು ಸಾಲು ಕೋಡ್. ಒಂದು ಮನೆಗೆ ಒಂದೇ ಅರ್ಜಿ ಎಂಬುದು ಟ್ರಸ್ಟಿನ ನಿಯಮ. ತಾಯಿ, ತಂದೆ, ಅಡ್ಡಹೆಸರು, ಊರು ನಾಲ್ಕೂ ಒಂದೇ ಆದರೆ ಎರಡನೆಯ ಅರ್ಜಿಯನ್ನು ಬಿಟ್ಟುಬಿಡುವಂತೆ ಬರೆದಿದ್ದರು. ಆದರೆ ಹೊಳೆದಂಡೆಯ ಊರುಗಳಲ್ಲಿ ಮನೆಗೊಬ್ಬರು ಹೊಳೆವ್ವ. ಅಜ್ಜನ ಹೆಸರನ್ನು ಮೊಮ್ಮಕ್ಕಳಿಗೆ ಇಡುವ ರೂಢಿಯಿಂದ ಒಂದೇ ಊರಿನ ದಾಯಾದಿಗಳಿಬ್ಬರೂ ಸಿದರಾಯ. ಅವರ ಹೆಂಡಂದಿರಿಬ್ಬರೂ ಹೊಳೆವ್ವ. ಒಬ್ಬ ಹೊಳೆವ್ವರ ಅರ್ಜಿ ಉಳಿಯಿತು, ಇನ್ನೊಬ್ಬರದನ್ನು ಯಂತ್ರ ಸದ್ದಿಲ್ಲದೆ ಎಸೆಯಿತು.

"ಬ್ಯಾಡ ಅಂದ್ರ ಮಂದಿ ಮನಸಿಗೆ ಹತ್ತತೈತಿ ಅಂತ ಎಲ್ಲಾರಿಗೂ 'ಧನ್ಯವಾದ, ನಿಮ್ಮ ಅರ್ಜಿ ತಲುಪಿದೆ' ಅನ್ನೂ ಪುಟಾನ ತೋರಿಸಿದ್ದೆರಿ. ಒಳ್ಳೇತನ ಮಾಡಾಕ ಹೋಗಿ ಸುಳ್ಳು ಹೇಳಿದಂಗಾತು," ಎನ್ನುತ್ತಾರೆ ದಾನೇಶ್ವರಿ.

ಆ ಪುಟದ ಪ್ರತಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು, ಮಗಳು ಶೇವಂತಿಯ ತಲೆಯ ಮೇಲೆ ಟ್ರಂಕು ಹೊರಿಸಿ ಆ ಎರಡನೆಯ ಹೊಳೆವ್ವ ಬಂದಾಗ ಹಾಸ್ಟೆಲ್ ಭರ್ತಿಯಾಗಿತ್ತು. "ನಮ್ಮೂರು ಹೊಳಿ ನುಂಗ್ತು. ಅರ್ಜಿ ಯಾರು ನುಂಗಿದ್ರವಾ?" ಎಂದು ಕೇಳಿದರಂತೆ. ದಾನೇಶ್ವರಿ ಮೂರು ದಿನ ಹುಡುಕಿ ತಮ್ಮದೇ ತಪ್ಪನ್ನು ಪತ್ತೆ ಮಾಡಿದರು, ಒಪ್ಪಿಕೊಂಡರು, ಟ್ರಸ್ಟಿನವರಿಗೆ ಕೈಮುಗಿದರು. ಜಾಗ ಸಿಗಲಿಲ್ಲ. ಶೇವಂತಿಯ ಓದು ಅಲ್ಲಿಗೇ ನಿಂತಿತು. ದೀಪಾವಳಿ ಕಳೆದ ಮೇಲೆ ಹಿಪ್ಪರಗಿಗೆ ಮದುವೆ ಮಾಡಿಕೊಟ್ಟರು. ಈಗ ಕಬ್ಬಿನ ಹೊಲದಲ್ಲಿ ಕಳೆ ಕೀಳುತ್ತಾಳೆ. ಇದನ್ನು ಹೇಳುವಾಗ ದಾನೇಶ್ವರಿ ಪರದೆಯಿಂದ ಕಣ್ಣೆತ್ತುವುದಿಲ್ಲ.

ಆ ಸಾಲನ್ನು ಆಗಲೇ ತೆಗೆದುಹಾಕಿದರು; ಅದಕ್ಕೀಗ ಮೂರು ವರ್ಷ. ರೇಷನ್ ಕಾರ್ಡಿನ ನಂಬರಿನಿಂದ ಮನೆ ಗುರುತಾಗುತ್ತದೆ. ಅರ್ಜಿ ತಿರಸ್ಕಾರವಾದರೆ ಕಾರಣವೂ ಪುಟದಲ್ಲೇ ಬರುತ್ತದೆ. ಆದರೂ ದಾನೇಶ್ವರಿಗೆ ತಮ್ಮ ಕೋಡಿನ ಮೇಲೆ ಭರವಸೆಯಿಲ್ಲ. ಅರ್ಜಿ ಹಾಕಿದ ಪ್ರತಿ ಮನೆಗೂ ತಾವೇ ಫೋನು ಮಾಡುತ್ತಾರೆ. ಹಾಗೆ ಮಾಡಲು ಅವರಿಗೆ ಯಾರೂ ಹೇಳಿಲ್ಲ.

ಇಂದಿನ ಕೊನೆಯ ಹಾಳೆ ಶೇವಂತಿಯ ತಂಗಿ ಅನುರಾಧಾಳದು. ಕರೆಂಟು ಹೋಗುತ್ತದೆ. ದಾನೇಶ್ವರಿ ಕಿಟಕಿಯ ಬೆಳಕಿನಲ್ಲಿ ನಂಬರು ಒತ್ತುತ್ತಾರೆ.

"ಯವ್ವಾ, ಅರ್ಜಿ ಮುಟ್ಟೈತ್ರಿ."

ಆ ಕಡೆ ಅದೇ ಹೊಳೆವ್ವ. "ಇಕಿ ಅಕ್ಕನ ಅರ್ಜಿಗೂ ಮುಟ್ಟೈತಿ ಅಂತನ ಬರದಿತ್ತಲ್ಲವಾ."

"ಆವಾಗ ಯಂತ್ರ ಹೇಳಿತ್ರಿ. ಈಗ ಹಾಳಿ ಕೈಯಾಗ ಹಿಡಕೊಂಡು ನಾ ಹೇಳಾಕತ್ತೇನಿ."

"ಹಂಗಾರ ಟ್ರಂಕು ತೊಳದಿಡ್ಲೇನು?"

"ಅದನ್ನ ನಾ ಹೇಳಾಕ ಬರೂದಿಲ್ರಿ. ಆರಿಸೂದು ಟ್ರಸ್ಟಿನವರ ಕೈಯಾಗ ಐತಿ. ಮುಟ್ಟೈತಿ ಅನ್ನೂದಷ್ಟ ಖರೆ."

ಫೋನು ಕೆಳಗಿಟ್ಟು, ಅನುರಾಧಾಳ ಹಾಳೆಯನ್ನು ಕಂತೆಯ ಮೇಲೆ ತಂದಿಡುತ್ತಾರೆ. "ಈ ಸಲ ಆ ತಾಯಿಗೆ ಸುಳ್ಳು ಹೇಳ್ಲಿಲ್ಲ ನೋಡ್ರಿ," ಎನ್ನುತ್ತಾರೆ.