ರಜದ ಎರಡನೇ ಅರ್ಧ

ನಮ್ಮತ್ತೆಯ ಎಡಗಿವಿ ಹರಿದಿತ್ತು. ಓಲೆಯ ತೂತು ಕೆಳಗಿನವರೆಗೂ ಸೀಳಿ, ಹಾಲೆ ಎರಡು ತುಂಡಾಗಿ ಜೋತಾಡುತ್ತಿತ್ತು. ನನ್ನ ಮಗ ಕೂರಲು ಕಲಿತ ಹೊಸದರಲ್ಲಿ ಅವರ ತೊಡೆಯ ಮೇಲೆ ಕೂತು ಓಲೆ ಹಿಡಿದು ಜಗ್ಗಿಬಿಟ್ಟಿದ್ದ. ರಕ್ತ ಸುರಿಯುತ್ತಿದ್ದರೂ "ಕೂಸಿನ ಕೈಗೆ ಬಲ ಬಂದದೆ ನೋಡವ್ವ" ಅಂತ ನಕ್ಕಿದ್ದರು ಮಹಾತಾಯಿ. ಹೊಲಿಗೆ ಹಾಕಿಸಿಕೊಳ್ಳಿ ಅಂದರೆ ಕೇಳಲಿಲ್ಲ. ಕೊನೆಯವರೆಗೂ ಒಂದೇ ಕಿವಿಗೆ ಓಲೆ ಹಾಕಿಕೊಂಡು ಓಡಾಡಿದರು.

ಗಂಡನನ್ನು ಯಾಕೆ ಬಿಟ್ಟೆ ಅಂತ ಈಗಲೂ ಕೇಳುವವರಿದ್ದಾರೆ. ಕೈ ಎತ್ತುತ್ತಿದ್ದ, ಬಿಟ್ಟೆ. ಅಷ್ಟೇ. ಮಗನನ್ನೂ ಮಗಳನ್ನೂ ಕರೆದುಕೊಂಡು ನರಸೀಪುರದಿಂದ ನಂಜನಗೂಡಿಗೆ ಬಂದು, ಒಂದು ರೂಮಿನ ಮನೆ ಹಿಡಿದು, ಇಂಡಸ್ಟ್ರಿಯಲ್ ಏರಿಯಾದ ಫ್ಯಾಕ್ಟರಿಯೊಂದರಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಸೇರಿದೆ. ತೊಂಬತ್ತರ ದಶಕದ ಮಾತು. ಕೋರ್ಟು ಮಕ್ಕಳನ್ನು ನನಗೇ ಕೊಟ್ಟಿತು; ಬೇಸಿಗೆ ರಜದಲ್ಲಿ ಅರ್ಧ ಅಪ್ಪನಿಗೆ ಅಂದಿತು. ಯಾವ ಅರ್ಧ ಅಂತ ಹೇಳಲಿಲ್ಲ. ಜಗಳವೆಲ್ಲ ಅಲ್ಲೇ ಹುಟ್ಟಿದ್ದು.

ನನಗೆ ಯಾವತ್ತೂ ಎರಡನೇ ಅರ್ಧವೇ ಬೇಕು. ಸ್ಕೂಲು ಶುರುವಾಗುವ ಹೊತ್ತಿಗೆ ಮಕ್ಕಳು ನರಸೀಪುರದಲ್ಲಿದ್ದರೆ, ಆತ ಅಲ್ಲೇ ಯಾವುದಾದರೂ ಸ್ಕೂಲಿಗೆ ಸೇರಿಸಿಬಿಟ್ಟರೆ ನಾನೇನು ಮಾಡಲಿ? ಇದು ನನ್ನ ಹೊಟ್ಟೆಯೊಳಗಿನ ಬೆಂಕಿ. ಹಾಗಂತ ಕಳಿಸದೆ ಇರುವಂತೆಯೂ ಇರಲಿಲ್ಲ. ನಾನು ಶಿಫ್ಟಿಗೆ ಹೋದರೆ ರಜದಲ್ಲಿ ಮಕ್ಕಳನ್ನು ನೋಡಿಕೊಳ್ಳುವವರು ಯಾರು?

ನಾವಿಬ್ಬರೂ ಮುಖ ಕೊಟ್ಟು ಮಾತಾಡುವುದನ್ನೇ ಬಿಟ್ಟಿದ್ದೆವು. ಹಾಗಾಗಿ ಪರೀಕ್ಷೆ ಮುಗಿಯುತ್ತಿದ್ದಂತೆ ಪ್ರತಿವರ್ಷ ಅತ್ತೆಯೇ ಬಸ್ಸು ಹತ್ತಿ ಬರುತ್ತಿದ್ದರು. ಹಣೆ ತುಂಬ ವಿಭೂತಿ, ಬಗಲಲ್ಲಿ ಹುರಿಹಿಟ್ಟಿನ ಚೀಲ. ಬಂದವರು ಒಳಗೆ ಬರುತ್ತಿರಲಿಲ್ಲ. ಜಗಲಿಯ ಮೇಲೆ ಕೂರುವುದು, ಎಲೆಯಡಿಕೆ ಹಾಕಿಕೊಳ್ಳುವುದು. ಆ ಬಿಸಿಲಲ್ಲಿ ಬಂದಿದ್ದಾರಲ್ಲ ಅಂತ ನೀರು ಕೊಟ್ಟರೆ ಚೊಂಬನ್ನು ಪಕ್ಕಕ್ಕೆ ಸರಿಸಿ, "ಮೊದ್ಲು ಮಾತು ಮುಗೀಲಿ ಕಣವ್ವ, ಆಮ್ಯಾಕೆ ನೀರು" ಅನ್ನುತ್ತಿದ್ದರು.

ನಾನು ರೇಗುತ್ತಿದ್ದೆ. ಅವರು ಕೇಳಿಸಿಕೊಂಡು, ಮಗನ ಪರವಾಗಿ ಒಂದೊಂದೇ ಮಾತು ಎತ್ತುತ್ತಿದ್ದರು. ನರಸೀಪುರಕ್ಕೆ ಹೋದರೆ ಅಲ್ಲಿ ನನ್ನ ಪರ ವಾದ ಮಾಡುತ್ತಿದ್ದರಂತೆ. ಎರಡೂ ಕಡೆ ಬೈಸಿಕೊಂಡರೂ ಮೊದಲರ್ಧ ಆತನಿಗೆ, ಎರಡನೇ ಅರ್ಧ ನನಗೆ ಅಂತ ಹೇಗೋ ಮಾಡಿ ಉಳಿಸಿಕೊಂಡು ಬರುತ್ತಿದ್ದರು.

ಒಂದು ವರ್ಷ ಅದು ತಿರುವುಮುರುವಾಯಿತು. ನನ್ನ ನಾದಿನಿಯ ಮದುವೆ ಮೇ ತಿಂಗಳ ಕೊನೆಗೆ ಬಿತ್ತು. ಸೋದರತ್ತೆಯ ಮದುವೆಗೆ ಮಕ್ಕಳು ಇರಬೇಡವೇ ಅಂತ ಅತ್ತೆ ಕೇಳಿದರು. ಆಗಲ್ಲ ಅಂದೆ.

"ಇಸ್ಕೂಲ್ ಬಾಗ್ಲು ತೆಗಿಯೋದ್ರೊಳ್ಗೆ ಇಬ್ರುನ್ನೂ ತಂದು ಬುಡ್ತೀನಿ. ನಾನಿಲ್ವಾ?" ಅಂದರು. ಒಪ್ಪಿದೆ. ಅವರು ಆಗ ನೀರು ಕುಡಿದರು.

ಸ್ಕೂಲು ಶುರುವಾಗುವ ಹಿಂದಿನ ದಿನ ಬಸ್‌ಸ್ಟ್ಯಾಂಡಿನಲ್ಲಿ ಕಾದು ನಿಂತಿದ್ದೆ. ನರಸೀಪುರದ ಬಸ್ಸಿಂದ ಮಗಳು ಇಳಿದಳು. ಅವಳ ಹಿಂದೆ ಅತ್ತೆ, ತಲೆಯ ಮೇಲೊಂದು ಬಟ್ಟೆ ಗಂಟು. ಮಗ ಇಳಿಯಲಿಲ್ಲ. ಬಸ್ಸು ಮುಂದಕ್ಕೆ ಹೋಯಿತು.

"ಗಂಡುಮಗ ನಂದು, ಎಣ್ಣ ಅವಳೇ ಇಟ್ಕಳ್ಲಿ ಅಂದ್ಬುಟ್ಟ ಕಣವ್ವ. ಗೊತ್ತಿರೋರ ಇಸ್ಕೂಲ್ಗೆ ಸೇರ್ಸವ್ನೆ," ಅಂದರು. ನೆಲ ನೋಡುತ್ತಿದ್ದರು.

ನನಗೆ ಮೈಮೇಲೆ ಎಚ್ಚರವಿರಲಿಲ್ಲ. ನಿಮ್ಮ ಮಾತು ನಂಬಿ ಕೆಟ್ಟೆ, ನಿಮ್ಮ ವಂಶ ಹಾಳಾಗ ಅಂತ ಜನರೆಲ್ಲ ನಿಂತು ನೋಡುವಂತೆ ಕೂಗಾಡಿದೆ. ಅವರು ಗಂಟು ಇಳಿಸಿ ನಿಂತೇ ಇದ್ದರು.

"ಬೈಯ್ಯವ್ವ, ಇನ್ನೂ ಬೈಯ್ಯಿ. ನಿನ್ನ ಮಗನ್ನ ಅವ್ನು ಇಟ್ಕಂಡವ್ನೆ. ಅವನ ಅವ್ವನ್ನ ನೀನಿಟ್ಕೊ. ನಿನ್ನ ಮಗ ಬಂದ ದಿನ ನಾನೋಯ್ತೀನಿ."

ಏನೋ ಆ ಹೊತ್ತಿನ ಮಾತು ಅಂದುಕೊಂಡೆ. ಅಲ್ಲ. ಆ ಗಂಟಿನಲ್ಲಿ ಅವರ ಸೀರೆಗಳೆಲ್ಲ ಇದ್ದವು.

ನಾನು ವಕೀಲರ ಹತ್ತಿರ ಓಡಿದೆ. ಕೇಸಿಗೆ ತಾರೀಕಿನ ಮೇಲೆ ತಾರೀಕು ಬಿತ್ತು. ಅತ್ತೆ ಆ ಒಂದು ರೂಮಿನಲ್ಲಿ ಅಡುಗೆ ಮಾಡಿದರು, ಮಗಳಿಗೆ ಜಡೆ ಹಾಕಿದರು, ನನ್ನ ಬೈಗುಳವನ್ನು ದಿನಾ ತಿಂದರು. ದೀಪಾವಳಿಗೆ ಆತ ಹೊಸ ಸೀರೆ ಹಿಡಿದು ಬೈಕಿನಲ್ಲಿ ಬಂದ. ಒಬ್ಬನೇ.

"ಕೂಸೆಲ್ಲಿ?" ಬಾಗಿಲಲ್ಲೇ ನಿಂತು ಅತ್ತೆ ಕೇಳಿದರು.

"ಇಸ್ಕೂಲದೆ ಕಣವ್ವ."

"ಅಬ್ಬದ ದಿನ ಯಾವ ಇಸ್ಕೂಲ್ಲಾ? ಕೂಸಿನ ಜತೆ ಬಾ, ಓಗು," ಅಂತ ಬಾಗಿಲು ಹಾಕಿದರು. ಆಮೇಲೆ ಒಲೆಯ ಮುಂದೆ ಕೂತು ಬಾಯಿಗೆ ಸೆರಗು ತುರುಕಿಕೊಂಡು ಅತ್ತರು. ಇದ್ದೊಬ್ಬ ಮಗ ಅವನು. "ಸೊರಗೋಗವ್ನೆ ಅಲ್ವಾ?" ಅಂತ ನನ್ನನ್ನೇ ಕೇಳಿದರು. ಅವತ್ತಿನಿಂದ ಅವರನ್ನು ಬೈಯುವುದು ಬಿಟ್ಟೆ.

ಚಳಿಗಾಲದಲ್ಲಿ ಅತ್ತೆಗೆ ಉಬ್ಬಸ ಹಿಡಿಯಿತು. ಡಾಕ್ಟರು ಮೈಸೂರಿನ ದೊಡ್ಡಾಸ್ಪತ್ರೆಗೆ ಹೋಗಿ ಅಂದರು. "ಅಲ್ಲೋಗಿ ಮಲೀಕಂಡ್ರೆ, ಕೂಸು ಬಂದಾಗ ಇಲ್ಲಿ ಯಾರಿರ್ತಾರೆ?" ಅಂತ ಹಟ. ನಾನು ನರಸೀಪುರಕ್ಕೆ ಫೋನಿನ ಮೇಲೆ ಫೋನು ಮಾಡಿಸಿದೆ, ಅವ್ವನಿಗೆ ಹುಷಾರಿಲ್ಲ, ಮಗುವನ್ನು ಕರೆದುಕೊಂಡು ಬನ್ನಿ ಅಂತ. ಮಗನನ್ನು ಕಿತ್ತುಕೊಳ್ಳಲು ಅತ್ತೆ ಸೊಸೆ ಕೂಡಿ ಆಡುತ್ತಿರುವ ಆಟ ಇದು ಅಂದುಕೊಂಡು ಆತ ಬರಲಿಲ್ಲ.

ಒಂದು ಬೆಳಿಗ್ಗೆ ಅತ್ತೆ ಏಳಲಿಲ್ಲ.

ಆಗ ಬಂದ, ಟೆಂಪೋ ಮಾಡಿಕೊಂಡು, ಮಗನನ್ನು ಕರೆದುಕೊಂಡು. ಮಗ ಉದ್ದವಾಗಿದ್ದ. ನನ್ನ ಕಡೆ ಬರಲಿಲ್ಲ. ನೇರ ಹೋಗಿ ಅಜ್ಜಿಯ ಪಕ್ಕ ಕೂತು, ಹರಿದ ಕಿವಿಯ ಎರಡು ತುಂಡನ್ನೂ ಬೆರಳಲ್ಲಿ ಸೇರಿಸಿ ಹಿಡಿದುಕೊಂಡ. ಬಿಡಿಸಲು ಹೋದವರಿಗೆ ಬಿಡಿಸಲಾಗಲಿಲ್ಲ. ನಿನ್ನ ಮಗ ಬಂದ ದಿನ ಹೋಗುತ್ತೇನೆ ಅಂದಿದ್ದರು. ಹಾಗೇ ಅದೇ ಟೆಂಪೋದಲ್ಲಿ ಹೋದರು.

ನರಸೀಪುರದಲ್ಲಿ ಮಣ್ಣು ಮಾಡಿ, ಅಲ್ಲಿಯ ಮನೆಗೆ ಬಂದ ಮೇಲೆ ಆತ ಒಳಗಿಂದ ಮಗನ ಸ್ಕೂಲ್ ಬ್ಯಾಗು ತಂದು ನನ್ನ ಕಾಲ ಬಳಿ ಇಟ್ಟ. "ಕರ್ಕೊಂಡೋಗು," ಅಂದ. ವರ್ಷಗಳ ಮೇಲೆ ನನ್ನ ಜೊತೆ ಆಡಿದ ಮೊದಲ ಮಾತು.

ಆ ಏಪ್ರಿಲ್‌ನಲ್ಲಿ ಪರೀಕ್ಷೆ ಮುಗಿಯಿತು. ಜಗಲಿ ಖಾಲಿ. "ಈ ಸಲ ರಜ ಯಾರು ಹಂಚ್ತಾರಮ್ಮ?" ಅಂದಳು ಮಗಳು. ಮಕ್ಕಳನ್ನು ಕಳಿಸದೆ ಇದ್ದಿದ್ದರೆ ಕೇಳುವವರೂ ಇರಲಿಲ್ಲ. ನನ್ನ ಕೋಪ ಇಳಿದಿತ್ತು ಅಂದುಕೊಳ್ಳಬೇಡಿ, ಈಗಲೂ ಇಳಿದಿಲ್ಲ. ಆದರೆ ಅತ್ತೆ ಪ್ರಾಣ ಕೊಟ್ಟು ಉಳಿಸಿದ ಮಾತನ್ನು ನಾನು ಹೇಗೆ ಮುರಿಯಲಿ? ಹುರಿಹಿಟ್ಟು ಕಟ್ಟಿಕೊಂಡು, ಇಬ್ಬರನ್ನೂ ಕರೆದುಕೊಂಡು ಬಸ್ಸು ಹತ್ತಿದೆ.

ಮಕ್ಕಳು ಒಳಗೆ ಓಡಿದರು. ನಾನು ಆತನ ಮನೆಯ ಜಗಲಿಯ ಮೇಲೆ ಕೂತೆ. ಸುಡುಬಿಸಿಲು, ಗಂಟಲು ಒಣಗಿ ಅಂಟಿಕೊಂಡಿತ್ತು. ಆತ ಚೊಂಬಿನಲ್ಲಿ ನೀರು ತಂದು ಮುಂದೆ ಹಿಡಿದ.

"ಮೊದ್ಲು ಮಾತು ಮುಗೀಲಿ," ಅಂದೆ.