ಕೆಂಪು ಮೂಲೆಯ ಪುಟಗಳು

ಮೊನ್ನೆ ದೊಡ್ಡಬಳ್ಳಾಪುರದ ಬಸ್ಸಿನಲ್ಲಿ ಕೂತು ಫೋನಿನಲ್ಲಿ ಕಾದಂಬರಿ ಓದುತ್ತಿದ್ದೆ. ಸಾರ್ವಜನಿಕ ಗ್ರಂಥಾಲಯದವರು ಎರವಲು ಕೊಡುವ ಇ-ಪುಸ್ತಕ. ಪಕ್ಕದ ಹೆಂಗಸು ಎಲೆಅಡಿಕೆ ಚೀಲ ಬಿಚ್ಚಿದರು. ಸುಣ್ಣ, ಹೊಗೆಸೊಪ್ಪಿನ ಘಾಟು ಮೂಗಿಗೆ ಬಡಿದದ್ದೇ ತಡ, ಮುಖ ಕಿಟಕಿಯತ್ತ ತಿರುಗಿಸಿದೆ. ಜೊತೆಗೇ ಎದುರುಮನೆ ಅಜ್ಜಿಯ ನೆನಪಾಯಿತು...

ತೊಂಬತ್ತರ ದಶಕದ ಆರಂಭ. ಮದುವೆಯಾಗಿ ದೊಡ್ಡಬಳ್ಳಾಪುರದ ನೇಕಾರರ ಬೀದಿಗೆ ಬಂದ ಹೊಸತು. ಕರೆಂಟು ಮಗ್ಗಗಳ ಸದ್ದಿನಲ್ಲಿ ಯಾರ ಮಾತೂ ಯಾರಿಗೂ ಕೇಳುತ್ತಿರಲಿಲ್ಲ. ಕರೆಂಟು ಹೋದಾಗ ಮಾತ್ರ ಬೀದಿ ಗಪ್‌ಚಿಪ್. ಆಗ ಅಜ್ಜಿ ಲೈಬ್ರರಿ ಪುಸ್ತಕ ಹಿಡಿದು ಜಗಲಿಗೆ ಬಂದು ಗಟ್ಟಿಯಾಗಿ ಓದುತ್ತಿದ್ದರು. ಮಗ್ಗ ಬಿಟ್ಟೆದ್ದ ಹೆಂಗಸರೆಲ್ಲ ಸುತ್ತ ಕೂರುತ್ತಿದ್ದರು. ಕರೆಂಟು ಬಂತೆಂದು ಶಾಪ ಹಾಕುತ್ತಿದ್ದ ಬೀದಿ ಅದೊಂದೇ ಇರಬೇಕು.

ಆದರೆ ಆ ಪುಸ್ತಕ ಮುಟ್ಟುವ ಹಾಗಿರಲಿಲ್ಲ. ಅಜ್ಜಿ ಎಲೆಅಡಿಕೆ ಬಾಯಿಗೆ ಬೆರಳಿಟ್ಟು, ಆ ಎಂಜಲಲ್ಲೇ ಪುಟ ತಿರುಗಿಸುತ್ತಿದ್ದರು. ಪ್ರತಿ ಪುಟದ ಮೂಲೆಯೂ ಕೆಂಪು. ಕೆಲವು ಪುಟ ಅಂಟಿಕೊಂಡೇ ಒಣಗಿ... ಥೂ! ಈಗಲೂ ನೆನೆದರೆ ಊಟ ಸೇರುವುದಿಲ್ಲ.

ಒಮ್ಮೆ, ಅರ್ಧ ಓದಿದ್ದ ಪುಸ್ತಕದ ವಾಯಿದೆ ಮುಂದುವರಿಸಲು ಅಜ್ಜಿ ಹೋದಾಗ, ಲೈಬ್ರರಿಯವರು ಅದನ್ನು ಎರಡೇ ಬೆರಳಲ್ಲಿ ಎತ್ತಿ ಹಿಡಿದರು. "ಇದನ್ನ ಇನ್ಯಾರು ಮುಟ್ತಾರಮ್ಮ? ಇನ್ಮೇಲೆ ನಿಮ್ಗೆ ಪುಸ್ತಕ ಕೊಡಲ್ಲ" ಅಂದು ಒಳಗಿಟ್ಟುಕೊಂಡುಬಿಟ್ಟರು. ಅಜ್ಜಿ ಎಲೆಅಡಿಕೆ ಬಿಡಲೊಲ್ಲರು. ಕರೆಂಟು ಹೋದರೂ ಹೆಂಗಸರಿಗೆ ಕೇಳಲು ಕಥೆ ಇಲ್ಲದಂತಾಯಿತು.

ಕೊನೆಗೆ ನಾನೇ ನನ್ನ ಹೆಸರಿನಲ್ಲಿ ಅದೇ ಪುಸ್ತಕ ತಂದೆ. ಒಂದೇ ಕರಾರು: ಅಜ್ಜಿ ಮುಟ್ಟಕೂಡದು. ನಾನು ಹಿಡಿದು ಕೂತೆ, ಅವರು ಓದಿದರು. "ತಿರುಗ್ಸೇ ತಾಯಿ, ಅವ್ಳು ಬಾಗ್ಲು ತೆಗೀತಾಳೋ ಇಲ್ವೋ ನೋಡಾಣ" ಅನ್ನುವಾಗ ಕೆಂಪು ತುಂತುರು ನನ್ನ ಕೈಮೇಲೆ ಬೀಳುತ್ತಿತ್ತು. ಹೇಸಿಕೊಂಡು, ಸೆರಗಲ್ಲಿ ಒರೆಸಿ, ಪುಟ ತಿರುಗಿಸುತ್ತಿದ್ದೆ. ಅಜ್ಜಿ ಇರುವಷ್ಟು ಕಾಲವೂ ಹಾಗೇ ನಡೆಯಿತು.

ಇ-ಪುಸ್ತಕ ಇದ್ದಿದ್ದರೆ ಅಜ್ಜಿಗೆ ಆ ಅವಮಾನ ಇರುತ್ತಿರಲಿಲ್ಲ. ಎಂಜಲಿಲ್ಲ, ಹರಿಯುವುದಿಲ್ಲ, ಅಕ್ಷರವನ್ನೂ ಬೇಕಾದಷ್ಟು ದೊಡ್ಡದು ಮಾಡಿಕೊಳ್ಳಬಹುದು. ನಾನು ಇದಕ್ಕೆ ಒಲಿದದ್ದೂ ಅದಕ್ಕೇ...

ಹೀಗೆ ಅಂದುಕೊಳ್ಳುತ್ತಿರುವಾಗಲೇ ಪರದೆ ಬೆಳ್ಳಗಾಯಿತು. ವಾಯಿದೆ ಮುಗಿಯಿತಂತೆ. ಅರ್ಧ ಅಧ್ಯಾಯದಲ್ಲಿ ಪುಸ್ತಕ ಮಾಯ. ಮತ್ತೆ ಬೇಕಾದರೆ ಸರದಿಯಲ್ಲಿ ಕಾಯಬೇಕಂತೆ. ಸವೆಯದ, ಕೊಳೆಯಾಗದ ಪುಸ್ತಕಕ್ಕೂ ಸರದಿ! ಆ ಕಾಲದಲ್ಲಿ ಬೈಯಲು ಲೈಬ್ರರಿಯವರ ಮುಖವಾದರೂ ಇತ್ತು. ಇಲ್ಲಿ ಯಾರ ಮುಖವೂ ಇಲ್ಲ. ಆ ಎಂಜಲಿಗಿಂತ ಇದೇ ಹೆಚ್ಚು ಅಸಹ್ಯವೆನಿಸಿತು.

"ಏನಮ್ಮಾ, ಫೋನ್ ಕೆಟ್ಟೋಯ್ತಾ?" ಎಂದರು ಪಕ್ಕದ ಹೆಂಗಸು.

"ಇಲ್ಲ. ಓದ್ತಿದ್ದ ಪುಸ್ತಕ ಕಿತ್ಕೊಂಡ್ರು" ಅಂದೆ.

ಅಜ್ಜಿ ಹೋಗಿ ಎಷ್ಟೋ ವರ್ಷವಾಯಿತು. ಅವರಿಂದಲೂ ಹೀಗೇ ಕಿತ್ತುಕೊಂಡಿದ್ದರು. ಆದರೆ ಅವರ ಎದುರುಮನೆಯಲ್ಲಿ ನಾನಿದ್ದೆ.